ಮುಖ್ಯವಲ್ಲದ ಮಾತು, ಓವರ್

ಮುಖ್ಯವಾದ ಮಾತನ್ನು ಆಡಕೂಡದು ಎಂದು ಜಗತ್ತಿನ ರಾಷ್ಟ್ರಗಳೆಲ್ಲ ಕೂತು ಕಾನೂನು ಮಾಡಿದ್ದು ಬಹುಶಃ ನಮ್ಮ ಹವ್ಯಾಸವೊಂದಕ್ಕೇ ಇರಬೇಕು. ಹ್ಯಾಮ್ ರೇಡಿಯೋದವರು, ಅಂದರೆ ಹವ್ಯಾಸಕ್ಕಾಗಿ ಸ್ವಂತ ರೇಡಿಯೋ ಸೆಟ್ಟಿನಲ್ಲಿ ಮಾತಾಡುವವರು, ಬೇರೆ ದೇಶದ ಹ್ಯಾಮ್‌ಗಳ ಜೊತೆ ಏನೇನು ಮಾತಾಡಬಹುದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಹಳೆಯ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತಿತ್ತು. ಯಂತ್ರದ ಪರೀಕ್ಷೆಗೆ ಸಂಬಂಧಪಟ್ಟ ತಾಂತ್ರಿಕ ಮಾತಾಡಬಹುದು. ಸ್ವಂತ ವಿಚಾರವನ್ನೂ ಆಡಬಹುದು, ಆದರೆ ಅದು ತಂತಿ ಕೊಡುವುದಕ್ಕೋ ಟ್ರಂಕ್ ಕಾಲ್ ಹಾಕುವುದಕ್ಕೋ ಯೋಗ್ಯವಲ್ಲದಷ್ಟು ಕ್ಷುಲ್ಲಕವಾಗಿರಬೇಕು. ದುಡ್ಡು ತೆತ್ತು ಕಳಿಸಬೇಕಾದ ಸುದ್ದಿಯನ್ನು ಈ ಜನ ಪುಕ್ಕಟೆ ಕಳಿಸಿಬಿಟ್ಟರೆ ಇಲಾಖೆಗಳ ಗತಿಯೇನು ಎಂಬ ಎಚ್ಚರ. 2003ರ ಜಿನೀವಾ ಸಮ್ಮೇಳನದಲ್ಲಿ ಕ್ಷುಲ್ಲಕತೆಯ ಆ ಷರತ್ತನ್ನು ಕೈಬಿಟ್ಟರು. ನಮ್ಮ ಕ್ಲಬ್ಬಿನ ಸದಸ್ಯರು ಇನ್ನೂ ಕೈಬಿಟ್ಟಿಲ್ಲ.

ಮೈಸೂರಿನ ಈ ಕ್ಲಬ್ಬಿಗೆ ನಾನು ಕಾರ್ಯದರ್ಶಿ. ಅಂದರೆ ಬೀರುವಿನ ಕೀಲಿ, ರಸೀದಿ ಪುಸ್ತಕ, ಸತ್ತುಹೋದ ಬ್ಯಾಟರಿಗಳು ಮತ್ತು ಎಲ್ಲರ ಮೇಲೆ ಎಲ್ಲರ ದೂರುಗಳು ನನ್ನ ಮನೆಯಲ್ಲಿ ಇರುತ್ತವೆ. ಅಧ್ಯಕ್ಷರ ಮನೆಯಲ್ಲಿ ಶಾಲುಗಳಿರುತ್ತವೆ.

ಹ್ಯಾಮ್ ಆಗುವುದು ಸುಲಭವಲ್ಲ. ಕೇಂದ್ರ ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ಪಾಸಾಗಬೇಕು. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಕೂರಬಹುದಾದ್ದರಿಂದ ತಾತ ಮೊಮ್ಮಗ ಒಂದೇ ಕೊಠಡಿಯಲ್ಲಿ ಬರೆದು, ಮೊಮ್ಮಗ ಪಾಸಾಗಿ, ತಾತ ಮನೆಯಲ್ಲಿ ಮಾತು ಬಿಟ್ಟ ಉದಾಹರಣೆಯೂ ನಮ್ಮಲ್ಲಿದೆ. ಹೆಚ್ಚಿನ ದರ್ಜೆಯ ಲೈಸೆನ್ಸ್ ಬೇಕೆಂದರೆ ಮೋರ್ಸ್ ಕೋಡನ್ನು ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಕಳಿಸಬೇಕು, ಕೇಳಿ ಬರೆದುಕೊಳ್ಳಬೇಕು. ಅದರ ಅಭ್ಯಾಸಕ್ಕೆ ಬಿದ್ದವರು ಊಟದ ತಟ್ಟೆ, ಬಸ್ಸಿನ ಕಂಬಿ, ಹೆಂಡತಿಯ ಹೆಗಲು ಯಾವುದನ್ನೂ ಬಿಡದೆ ಬೆರಳಲ್ಲಿ ಕುಟ್ಟುತ್ತಿರುತ್ತಾರೆ.

ಆಮೇಲೆ ಪೊಲೀಸ್ ವಿಚಾರಣೆ. ನಮ್ಮ ಹಿರಿಯ ಸದಸ್ಯರೊಬ್ಬರು ಲೈಸೆನ್ಸಿಗೆ ಅರ್ಜಿ ಹಾಕಿದ ಕಾಲದಲ್ಲಿ ಅವರ ಮನೆಗೆ ಬಂದ ಪೇದೆ ಕಾಫಿ ಕುಡಿದು, ಡೈರಿ ತೆಗೆದು ಕೇಳಿದನಂತೆ.

‘ಯಾರ ಜೊತೆ ಮಾತಾಡ್ತೀರಿ ಸಾರ್ ಇದ್ರಲ್ಲಿ?’

‘ಯಾರು ಸಿಕ್ತಾರೋ ಅವರ ಜೊತೆ.’

‘ಗುರುತಿನೋರಾ?’

‘ಅಲ್ಲಪ್ಪ. ಗುರುತಿಲ್ಲದೋರು ಸಿಕ್ಕಿದ್ರೇನೇ ಮಜಾ.’

‘ಸರಿ. ಏನು ಮಾತಾಡ್ತೀರಿ?’

‘ನಿಮ್ಮ ದನಿ ನನಗೆ ಚೆನ್ನಾಗಿ ಕೇಳ್ತಿದೆ ಅಂತೀನಿ. ಅವರೂ ಹಾಗೇ ಅಂತಾರೆ.’

‘ಆಮೇಲೆ?’

‘ಆಮೇಲೇನು, ಅಷ್ಟೇ.’

ಪೇದೆ ಬಹಳ ಹೊತ್ತು ಯೋಚಿಸಿ ‘ಆಕ್ಷೇಪಣೆ ಏನೂ ಇಲ್ಲ’ ಎಂದು ಬರೆದುಕೊಂಡು ಹೋದನಂತೆ. ನಮ್ಮ ಹವ್ಯಾಸದ ಬಗ್ಗೆ ಇದಕ್ಕಿಂತ ನಿಖರವಾದ ವರದಿಯನ್ನು ನಾನು ಓದಿಲ್ಲ.

ಪ್ರತಿದಿನ ಬೆಳಿಗ್ಗೆ ನಮ್ಮ ಸ್ಥಳೀಯ ನೆಟ್, ಅಂದರೆ ಗಾಳಿಯಲ್ಲೇ ಸೇರುವ ಹರಟೆಕೂಟ, ಇರುತ್ತದೆ. ಎತ್ತರದ ಜಾಗದಲ್ಲಿ ರಿಪೀಟರ್ ಎಂಬ ಯಂತ್ರವಿದೆ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನ ದನಿಯನ್ನು ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡು, ಇನ್ನೊಂದರಲ್ಲಿ ಊರಿಗೆಲ್ಲ ಹರಡುವುದು ಅದರ ಕೆಲಸ. ನೆಟ್ ಕಂಟ್ರೋಲ್ ಆದವರು ವಿಕ್ಟರ್ ಯೂನಿಫಾರ್ಮ್, ಅಂದರೆ ಭಾರತದ ಗುರುತಾದ ವಿ ಯು, ಎಂದು ಶುರುಮಾಡಿ ಒಬ್ಬೊಬ್ಬರ ಕರೆಚಿಹ್ನೆ ಕೂಗುತ್ತಾರೆ. ಕುವೆಂಪುನಗರದವರು ‘ಇಲ್ಲಿ ಮೋಡ ಮುಸುಕಿದೆ, ಓವರ್’ ಎನ್ನುತ್ತಾರೆ. ಸರಸ್ವತಿಪುರಂನವರು ಕಿಟಕಿ ತೆಗೆದು ನೋಡಿ ಇಲ್ಲಿಯೂ ಮೋಡ ಎನ್ನುತ್ತಾರೆ. ವಿಜಯನಗರದಿಂದ ಅದನ್ನು ದೃಢೀಕರಿಸಲಾಗುತ್ತದೆ. ಆಮೇಲೆ ತಿಂಡಿಯ ಸರದಿ. ಉಪ್ಪಿಟ್ಟು ಎಂದವರಿಗೆ ಎಲ್ಲರೂ ಒಬ್ಬೊಬ್ಬರಾಗಿ ಸಂತಾಪ ಸೂಚಿಸುತ್ತಾರೆ.

ಹೊರಗಿನವರಿಗೆ ಇದು ಹುಚ್ಚು. ನನಗೂ ಮೊದಮೊದಲು ಹಾಗೇ ಅನ್ನಿಸುತ್ತಿತ್ತು. ಆದರೆ ಗಮನಿಸಿ, ರೇಡಿಯೋದಲ್ಲಿ ಒಬ್ಬ ಗುಂಡಿ ಒತ್ತಿ ಮಾತಾಡುತ್ತಿರುವಾಗ ಇನ್ನೊಬ್ಬ ಬಾಯಿ ಹಾಕಲು ಬರುವುದಿಲ್ಲ. ನಿವೃತ್ತನಾದ ಗಂಡಸಿಗೆ ಇಡೀ ದಿನದಲ್ಲಿ ಅಡ್ಡಮಾತಿಲ್ಲದೆ ವಾಕ್ಯ ಪೂರೈಸಲು ಸಿಗುವ ಜಾಗ ಇದೊಂದೇ. ರಿಪೀಟರಿನಲ್ಲಿ ಮೂರು ನಿಮಿಷದ ಟೈಮರ್ ಇದೆ, ಮಿಕ್ಕಿದರೆ ತಾನೇ ಬಾಯಿ ಮುಚ್ಚಿಸುತ್ತದೆ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ, ಯಂತ್ರ ತಾನೆ.

ಇನ್ನೊಂದು ಶಿಷ್ಟಾಚಾರ ದನಿಯ ವರದಿಯದು. ಅತ್ಯುತ್ತಮವಾಗಿ ಕೇಳಿಸಿದರೆ ‘ಫೈವ್ ನೈನ್’. ಹ್ಯಾಮ್‌ಗಳು ಒಬ್ಬರಿಗೊಬ್ಬರು ಇದಕ್ಕಿಂತ ಕಡಿಮೆ ಕೊಡುವುದನ್ನು ನಾನು ಕಂಡದ್ದು ಅಪರೂಪ. ‘ನೀವು ಇಲ್ಲಿಗೆ ಫೈವ್ ನೈನ್, ಬಹಳ ಸ್ಪಷ್ಟ, ನಿಮ್ಮ ಹೆಸರು ಮತ್ತು ಊರು ಇನ್ನೊಂದು ಸಲ ಹೇಳಿ’ ಎನ್ನುವುದು ವಾಡಿಕೆ. ನಮ್ಮ ಪುಸ್ತಕ ವಿಮರ್ಶೆಗಳ ಗಾಳಿ ಇಲ್ಲಿಗೂ ಬೀಸಿದೆ.

ಊರೊಳಗಿನ ಮಾತಿಗೆ ಕೈಸೆಟ್ಟು ಸಾಕು. ದೂರದೂರಿಗೆ ತಂತಿ ಬೇಕು. ನಲವತ್ತು ಮೀಟರ್ ಬ್ಯಾಂಡಿಗೆ, ಅಂದರೆ ಏಳು ಮೆಗಾಹರ್ಟ್ಸಿನ ಆಸುಪಾಸಿಗೆ, ಅರ್ಧ ತರಂಗದ ಆಂಟೆನಾ ಕಟ್ಟಲು ಸುಮಾರು ಇಪ್ಪತ್ತು ಮೀಟರ್ ಉದ್ದ ಬೇಕಾಗುತ್ತದೆ. ಮೈಸೂರಿನ ಮಧ್ಯಮವರ್ಗದವನ ಸೈಟು ಮೂವತ್ತು ನಲವತ್ತು ಅಡಿಯದು. ಮೂಲೆಯಿಂದ ಮೂಲೆಗೆ ಎಳೆದರೂ ಐವತ್ತು ಅಡಿ, ಹದಿನೈದು ಮೀಟರ್. ಉಳಿದ ಐದು ಮೀಟರ್ ಯಾರ ತೆಂಗಿನ ಮರಕ್ಕೆ ಎಂಬ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಮಡಿಸಿಯೂ ಕಟ್ಟಬಹುದು, ನಡುವೆ ಎತ್ತಿ ಎರಡು ಕಡೆ ಇಳಿಬಿಡಲೂಬಹುದು. ಆದರೆ ನೇರವಾದ ತಂತಿಯ ಮೋಹ ಹ್ಯಾಮ್‌ನನ್ನು ಬಿಡುವುದಿಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಬಾನುಲಿ ಶುರುಮಾಡಿದ ಊರು ಇದು. ಇಲ್ಲಿ ನಮ್ಮ ತಂತಿಗೂ ನಾಲ್ಕಾಣೆ ಗೌರವ ಸಿಗಬೇಕಿತ್ತು. ಸಿಗುವುದಿಲ್ಲ. ಗುಬ್ಬಚ್ಚಿ ಕಾಣೆಯಾದದ್ದು, ಮಳೆ ತಪ್ಪಿದ್ದು, ಎದುರುಮನೆಯ ಹುಡುಗನ ಸಪ್ಲಿಮೆಂಟರಿ ಎಲ್ಲವನ್ನೂ ಅಕ್ಕಪಕ್ಕದವರು ನಮ್ಮ ಲೆಕ್ಕಕ್ಕೇ ಹಾಕುತ್ತಾರೆ.

ದೂರದರ್ಶನದ ಕಾಲದಲ್ಲಿ ಅವರ ಸಿಟ್ಟಿಗೆ ಅರ್ಥವಿತ್ತು. ಭಾನುವಾರ ಬೆಳಿಗ್ಗೆ ಮಹಾಭಾರತದಲ್ಲಿ ಬಾಣಗಳು ಡಿಕ್ಕಿ ಹೊಡೆಯುವ ಹೊತ್ತಿಗೆ ನಮ್ಮವರು ‘ಹಲೋ ಸೀಕ್ಯೂ’, ಅಂದರೆ ಯಾರಾದರೂ ಇದ್ದೀರಾ, ಎಂದು ಕೂಗಿದರೆ ಟೀವಿಯ ತುಂಬ ಗೆರೆ. ಈಗ ಕಾಲಚಕ್ರ ತಿರುಗಿದೆ. ಅಕ್ಕಪಕ್ಕದವರ ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರುಗಳು ಸೇರಿ ನಮ್ಮ ಬ್ಯಾಂಡಿನಲ್ಲಿ ಹಗಲೂ ರಾತ್ರಿ ಜುಂಯ್ ಎನ್ನುತ್ತವೆ. ‘ನಿಮ್ಮ ದೇವರಮನೆಯ ಬಲ್ಬಿನಿಂದ ನನಗೆ ಜಪಾನ್ ಕೇಳಿಸ್ತಿಲ್ಲ ಕಣ್ರೀ’ ಎಂದು ಪಕ್ಕದ ಮನೆಯವರಿಗೆ ಹೇಳಿ ನೋಡಿ. ನಮ್ಮವರು ಹೇಳಿ ನೋಡಿದ್ದಾರೆ.

ಕ್ಲಬ್ಬಿನ ಹೊರಾಂಗಣ ಚಟುವಟಿಕೆಗಳಲ್ಲಿ ಕಳಶಪ್ರಾಯವಾದದ್ದು ನರಿಬೇಟೆ. ನರಿ ಎಂದರೆ ಆಗಾಗ ಪೀಂ ಪೀಂ ಎನ್ನುವ ಪುಟ್ಟ ಟ್ರಾನ್ಸ್‌ಮಿಟರ್. ಅದನ್ನು ಎಲ್ಲೋ ಬಚ್ಚಿಟ್ಟಿರುತ್ತೇವೆ, ಬೇಟೆಗಾರರು ಸಿಗ್ನಲ್ಲಿನ ಜಾಡು ಹಿಡಿದು ಹುಡುಕಬೇಕು. ದಿಕ್ಕು ತೋರುವ ಆಂಟೆನಾಗೆ ದುಬಾರಿ ಸಾಮಾನೇನೂ ಬೇಡ. ಪಿವಿಸಿ ಪೈಪಿಗೆ ಬಡಗಿಯ ಉಕ್ಕಿನ ಅಳತೆ ಟೇಪನ್ನು ತುಂಡು ಮಾಡಿ ಅಡ್ಡಡ್ಡ ಕಟ್ಟಿದರೆ ಸೊಗಸಾಗಿ ಕೆಲಸ ಮಾಡುತ್ತದೆ. ಅದೂ ಇಲ್ಲದವರು ಸೆಟ್ಟನ್ನು ಎದೆಗೆ ಅವಚಿಕೊಂಡು ನಿಂತಲ್ಲೇ ನಿಧಾನವಾಗಿ ಸುತ್ತಬೇಕು. ನಮ್ಮ ದೇಹವೇ ಸಿಗ್ನಲ್ಲಿಗೆ ಅಡ್ಡವಾಗುವುದರಿಂದ ಎಲ್ಲಿ ದನಿ ತೀರಾ ಕುಗ್ಗಿತೋ ಅಲ್ಲಿ ನರಿ ನಮ್ಮ ಬೆನ್ನ ಹಿಂದಿದೆ ಎಂದರ್ಥ.

ಕಳೆದ ಸಲ ಬೇಟೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ವಾಕಿಂಗ್ ಬಂದವರ ನಡುವೆ ನಮ್ಮ ಸದಸ್ಯರು ಅಲ್ಲಲ್ಲಿ ಕಣ್ಣು ಅರೆಮುಚ್ಚಿ, ಎದೆಯ ಮೇಲೆ ಕೈ ಜೋಡಿಸಿ, ಗುಡಿಯಲ್ಲಿ ಆತ್ಮಪ್ರದಕ್ಷಿಣೆ ಹಾಕುವವರಂತೆ ಸುತ್ತುತ್ತಿದ್ದರು. ಒಬ್ಬ ಹೆಂಗಸು ಕೈಮುಗಿದು ಮುಂದೆ ಹೋದರು. ಅಳತೆ ಟೇಪಿನ ಆಂಟೆನಾ ಹಿಡಿದ ಎಂಜಿನಿಯರಿಂಗ್ ಹುಡುಗಿಯನ್ನು ಹಿರಿಯರೊಬ್ಬರು ತಡೆದು ‘ಏನಮ್ಮಾ, ಹಾವು ಹಿಡಿಯೋದಾ?’ ಎಂದರು. ಅವಳು ‘ಇಲ್ಲ ತಾತ, ನರಿ’ ಎಂದಳು. ಅವರು ವಾಕಿಂಗ್ ಅರ್ಧಕ್ಕೆ ಬಿಟ್ಟು ಗೇಟಿನ ಕಡೆ ಹೊರಟರು.

ನರಿಯನ್ನು ನಾವು ಸ್ಟೀಲ್ ಡಬ್ಬಿಯಲ್ಲಿಡುವುದಿಲ್ಲ, ದನಿ ಹೊರಗೆ ಬರುವುದಿಲ್ಲ. ಪ್ಲಾಸ್ಟಿಕ್ಕಿನ ಊಟದ ಡಬ್ಬಿ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಈ ಕಾಲದಲ್ಲಿ ಬಾಂಬಿನ ಗುಮಾನಿಯಾಗುವುದರಿಂದ ಮೇಲೆ ಕ್ಲಬ್ಬಿನ ಹೆಸರು, ಉದ್ದೇಶ, ‘ದಯವಿಟ್ಟು ಮುಟ್ಟಬೇಡಿ’ ಎಲ್ಲ ಅಂಟಿಸಿರುತ್ತೇವೆ. ಅಂದು ಮೊದಲರ್ಧ ಗಂಟೆ ಎಲ್ಲರ ದಿಕ್ಕೂ ಒಂದೇ ಬಿದಿರುಮೆಳೆಯನ್ನು ತೋರಿಸುತ್ತಿತ್ತು. ಆಮೇಲೆ ಒಬ್ಬನದು ಪೂರ್ವ, ಇನ್ನೊಬ್ಬಳದು ಈಶಾನ್ಯ, ಸ್ವಲ್ಪ ಹೊತ್ತಿಗೆ ಇಬ್ಬರದೂ ಉತ್ತರ. ಪ್ರತಿಫಲನ ಎಂದರು ನಮ್ಮ ಹಿರಿಯರು. ನೀರಿನ ಮೇಲೆ ಅಲೆಗಳು ಹೇಗೆ ಪುಟಿಯುತ್ತವೆ ಎಂದು ಬೆರಳಲ್ಲಿ ಮಣ್ಣಿನ ಮೇಲೆ ಚಿತ್ರ ಬರೆದು ವಿವರಿಸಿದರು. ಚಿತ್ರ ಮುಗಿಯುವ ಹೊತ್ತಿಗೆ ಪಕ್ಕದಲ್ಲೇ ಕಸದ ಗಾಡಿ ಹಾದುಹೋಯಿತು. ಅದರೊಳಗಿಂದ ನಮ್ಮೆಲ್ಲರ ಸೆಟ್ಟುಗಳು ಕಿವುಡಾಗುವಷ್ಟು ಜೋರು ಸಿಗ್ನಲ್. ಗಾಡಿಯಾಕೆ ಕೇಳಿದ್ದು ನ್ಯಾಯವಾಗಿಯೇ ಇತ್ತು: ‘ಡಬ್ಬಿ ಬಿಸಾಕಿ ಅದರ ಮೇಲೆ ಮುಟ್ಟಬೇಡಿ ಅಂತ ಬೇರೆ ಬರೀತೀರಲ್ಲ ಸಾರ್!’ ಮೊದಲ ಬಹುಮಾನ ಆಕೆಗೇ ಕೊಡಬೇಕೆಂದು ಹುಡುಗರು ಹಟ ಹಿಡಿದರು. ಕೊಟ್ಟೆವು. ಥರ್ಮಾಸ್ ಫ್ಲಾಸ್ಕು.

ಶಾಲೆಗಳಿಗೂ ಹೋಗುತ್ತೇವೆ. ಹ್ಯಾಮ್‌ಗಳಿಗಾಗಿಯೇ ಇಸ್ರೋ 2005ರ ಮೇ 5ರಂದು ನಲವತ್ತೆರಡೂವರೆ ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿತ್ತು ಎಂದರೆ ಮಕ್ಕಳು ಕಿವಿ ನಿಮಿರಿಸುತ್ತಾರೆ. ಅದು ಈಗ ಕೆಲಸ ಮಾಡುತ್ತಿಲ್ಲ ಎಂದರೆ ಕಿವಿ ಮತ್ತೆ ಸ್ವಸ್ಥಾನಕ್ಕೆ. ಆಗ ನಾವು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಹೊರತೆಗೆಯುತ್ತೇವೆ. ಅದರಲ್ಲೂ ಹ್ಯಾಮ್ ಸೆಟ್ಟಿದೆ, 145.800 ಮೆಗಾಹರ್ಟ್ಸಿನಲ್ಲಿ ಅದರ ದನಿಯನ್ನು ನಮ್ಮ ಟೇಪಿನ ಆಂಟೆನಾದಿಂದಲೇ ಹಿಡಿಯಬಹುದು. ತೊಡಕು ಒಂದೇ, ನಮ್ಮ ಆಕಾಶವನ್ನು ಅದು ಸುಮಾರು ಹತ್ತು ನಿಮಿಷದಲ್ಲಿ ದಾಟಿಬಿಡುತ್ತದೆ. ಒಂದು ಶಾಲೆಯಲ್ಲಿ ನಿಲ್ದಾಣ ಕ್ಷಿತಿಜದ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಮುಖ್ಯ ಅತಿಥಿಗಳು ಮೈಕಿನ ಮುಂದೆ ಬಂದರು. ವಿಜ್ಞಾನದ ಮಹತ್ವ ಕುರಿತು ಅವರು ಮಾತಾಡುತ್ತಿದ್ದಂತೆ ವಿಜ್ಞಾನ ಗಂಟೆಗೆ ಇಪ್ಪತ್ತೆಂಟು ಸಾವಿರ ಕಿಲೋಮೀಟರ್ ವೇಗದಲ್ಲಿ ತಲೆಯ ಮೇಲೆ ಹಾದು ಬಂಗಾಳ ಕೊಲ್ಲಿಯ ಕಡೆ ಹೋಯಿತು. ಅವರ ಭಾಷಣಕ್ಕೆ ಟೈಮರ್ ಇರಲಿಲ್ಲ.

ಸರ್ವಸದಸ್ಯರ ಸಭೆಯ ಬಗ್ಗೆ ಹೆಚ್ಚು ಹೇಳಲಾರೆ. 1960ರ ಸಂಘಗಳ ನೋಂದಣಿ ಕಾಯಿದೆ ಇದೆ, ವರ್ಷಕ್ಕೊಮ್ಮೆ ಸೇರಲೇಬೇಕು. ಗಾಳಿಯಲ್ಲಿ ಅಷ್ಟು ಶಿಸ್ತಾಗಿ ಸರದಿ ಕಾಯುವವರು ಒಂದು ಕೋಣೆಯಲ್ಲಿ ಕೂಡಿದರೆ ಎಲ್ಲರೂ ಏಕಕಾಲಕ್ಕೆ ಪ್ರಸಾರ ಶುರುಮಾಡುತ್ತಾರೆ. ಕೊನೆಗೆ ನಮ್ಮ ಖಜಾಂಚಿ ಕೆಟ್ಟುಹೋದ ಸೆಟ್ಟೊಂದನ್ನು ಮೇಜಿನ ಮೇಲಿಟ್ಟು, ಅದನ್ನು ಹಿಡಿದವರು ಮಾತ್ರ ಮಾತಾಡತಕ್ಕದ್ದು ಎಂದು ಕಟ್ಟು ಮಾಡಿದರು. ಲೆಕ್ಕಪತ್ರ ಅಂಗೀಕಾರವಾಯಿತು. ಬ್ಯಾಟರಿ ಇಲ್ಲದ ಸೆಟ್ಟಿನ ಗುಂಡಿಯನ್ನು ಪ್ರತಿಯೊಬ್ಬರೂ ತಪ್ಪದೆ ಒತ್ತಿ ಹಿಡಿದಿದ್ದರು.

ಮೋಡ ಮತ್ತು ಉಪ್ಪಿಟ್ಟಿಗಾಗಿ ಸರ್ಕಾರಗಳು ಇಷ್ಟು ಬೆಲೆಬಾಳುವ ತರಂಗಾಂತರವನ್ನು ಯಾಕೆ ಬಿಟ್ಟುಕೊಟ್ಟಿವೆ ಎಂದು ಕೇಳುವವರಿಗೆ ನಾವು ಅಂಡಮಾನಿನ ಕಥೆ ಹೇಳುತ್ತೇವೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮತ್ತು ಸಂಗಡಿಗರು ಪೋರ್ಟ್ ಬ್ಲೇರ್‌ನಲ್ಲಿ ಸೆಟ್ಟು ಹೂಡಿ ಕೂತಿದ್ದರು. ಉದ್ದೇಶ ಶುದ್ಧ ಕ್ಷುಲ್ಲಕ: ಹ್ಯಾಮ್ ಭೂಪಟದಲ್ಲಿ ಅಪರೂಪವಾದ ಆ ಜಾಗದಿಂದ ಜಗತ್ತಿನಲ್ಲಿ ಎಷ್ಟು ಜನರಿಗೆ ಫೈವ್ ನೈನ್ ಕೊಡಬಹುದೋ ಕೊಡುವುದು. 26ರಂದು ಸುನಾಮಿ ಬಂತು. ಫೋನುಗಳು ಸತ್ತವು. ಅದೇ ಸೆಟ್ಟುಗಳು, ಅದೇ ಬಾಯಿಗಳು ದ್ವೀಪದಲ್ಲಿ ಸಿಕ್ಕಿಕೊಂಡವರ ಸುದ್ದಿಯನ್ನು ನೆಲನಾಡಿನ ಮನೆಗಳಿಗೆ ಮುಟ್ಟಿಸಿದವು. ದಿನವೂ ಏನೂ ಇಲ್ಲದ್ದನ್ನು ಸ್ಪಷ್ಟವಾಗಿ ಹೇಳಿ ಅಭ್ಯಾಸವಾದ ಜನ.

ನಮಗೆ ಅಂಥ ಪ್ರಸಂಗ ಬಂದಿಲ್ಲ, ಬರುವುದೂ ಬೇಡ. ನಮ್ಮ ಪಾಲಿಗೆ ಬಂದದ್ದು ಚಾಮುಂಡಿ ಬೆಟ್ಟವನ್ನು ಸುತ್ತಿ ಓಡುವ ಒಂದು ಓಟದಲ್ಲಿ ಸುದ್ದಿ ಮುಟ್ಟಿಸುವ ಕೆಲಸ. ಬೆಟ್ಟದ ಹಿಂದಿನ ಉತ್ತನಹಳ್ಳಿ ಕಡೆಯಿಂದ ಕೈಸೆಟ್ಟಿನ ದನಿ ಊರಿನ ಕಡೆಗೆ ನೇರವಾಗಿ ಬರುವುದಿಲ್ಲ, ಬೆಟ್ಟ ಅಡ್ಡ. ಅದಕ್ಕೇ ಬೆಟ್ಟದ ಮೇಲೆ ಎರಡೂ ಬದಿ ಕೇಳುವ ಜಾಗದಲ್ಲಿ ನಮ್ಮ ಹಿರಿಯರೊಬ್ಬರನ್ನು ಛತ್ರಿ, ಫ್ಲಾಸ್ಕು, ಮಡಿಸುವ ಕುರ್ಚಿ ಸಮೇತ ಕೂರಿಸಿದೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಉತ್ತನಹಳ್ಳಿಯಿಂದ ತುರ್ತು ಸಂದೇಶ.

‘ಬಾಳೆಹಣ್ಣು ಮುಗಿದಿದೆ. ಓವರ್.’

‘ನೀವು ಇಲ್ಲಿಗೆ ಫೈವ್ ನೈನ್. ಏನು ಮುಗಿದಿದೆ ಅಂತ ಇನ್ನೊಮ್ಮೆ ಹೇಳಿ. ಓವರ್.’

‘ಬ್ರಾವೋ, ಆಲ್ಫಾ, ನವೆಂಬರ್, ಆಲ್ಫಾ, ನವೆಂಬರ್, ಆಲ್ಫಾ. ಓವರ್.’

ಇದು ಊರಿನ ಕಡೆಗೆ ದಾಟಿ, ಅಲ್ಲಿಂದ ‘ನವೆಂಬರ್ ಎಷ್ಟು ಸಲ?’ ಎಂಬ ಪ್ರಶ್ನೆ ಬೆಟ್ಟ ಹತ್ತಿ ಇಳಿದು, ಉತ್ತರ ಮತ್ತೆ ಹತ್ತುತ್ತಿದ್ದಾಗ ನಡುವೆ ಒಂದು ಹುಡುಗಿಯ ದನಿ ಬಂತು. ‘ಬ್ರೇಕ್ ಬ್ರೇಕ್. ಓಟಗಾರರೊಬ್ಬರು ಕುಸಿದಿದ್ದಾರೆ. ಎಚ್ಚರವಿಲ್ಲ. ಆ್ಯಂಬುಲೆನ್ಸ್ ಉತ್ತನಹಳ್ಳಿ ತಿರುವಿಗೆ.’ ಬಾಳೆಹಣ್ಣು ತಟ್ಟನೆ ನಿಂತಿತು. ಬೆಟ್ಟದ ಮೇಲಿನವರು ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಅದನ್ನೇ ತಿರುಗಿ ಹೇಳಿದರು, ಕೆಳಗಿನವರು ಬರೆದುಕೊಂಡು ಓದಿ ಒಪ್ಪಿಸಿದರು, ಗಾಡಿ ಹೊರಟಿತು. ಯಾರೂ ಯಾರಿಗೂ ಫೈವ್ ನೈನ್ ಕೊಡಲಿಲ್ಲ. ಆ ಮನುಷ್ಯ ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಎದ್ದು ಕೂತು, ತಾನು ಎಷ್ಟನೆಯವನಾಗಿ ಬಂದೆ ಎಂದು ಕೇಳುತ್ತಿದ್ದರಂತೆ.

ಮರುದಿನ ಬೆಳಗಿನ ನೆಟ್‌ನಲ್ಲಿ ಆ ವಿಷಯ ಒಂದು ಸಾಲಿನಲ್ಲಿ ಮುಗಿಯಿತು, ಹುಡುಗಿಗೆ ಎಲ್ಲರೂ ಶಭಾಷ್ ಹೇಳಿದರು. ಆಮೇಲೆ ಕುವೆಂಪುನಗರದವರು, ಉತ್ತನಹಳ್ಳಿಯಲ್ಲಿ ಮುಗಿದದ್ದು ಪಚ್ಚಬಾಳೆಯೋ ಏಲಕ್ಕಿಯೋ ಎಂದು ಕೇಳಿದರು. ಏಲಕ್ಕಿ ಎಂದರು ಸರಸ್ವತಿಪುರಂ. ನಂಜನಗೂಡು ಇಷ್ಟು ಹತ್ತಿರ ಇಟ್ಟುಕೊಂಡು ರಸಬಾಳೆ ತರಿಸಬಾರದಿತ್ತೇ ಎಂದು ವಿಜಯನಗರ ಆಕ್ಷೇಪ ಎತ್ತಿತು. ಅಸಲಿ ರಸಬಾಳೆ ಈಗ ಎಲ್ಲಿ ಸಿಗುತ್ತದೆ ಎಂದು ಅಧ್ಯಕ್ಷರು ವಿವರಿಸತೊಡಗಿದರು. ಮೂರು ನಿಮಿಷಕ್ಕೆ ಟೈಮರ್ ಅವರ ಬಾಯಿ ಮುಚ್ಚಿಸಿತು. ಅವರು ಗುಂಡಿ ಬಿಟ್ಟು, ಮತ್ತೆ ಒತ್ತಿ, ನಿಲ್ಲಿಸಿದಲ್ಲಿಂದ ಮುಂದುವರಿಸಿದರು.