ಮಾವನವರ ಎಣ್ಣೆಸ್ನಾನಕ್ಕೆ ಆರು ಕಿಲೋವ್ಯಾಟ್

ಮೋಟರ್‌ಹೋಮ್ ಕೊಳ್ಳೋಣ ಅಂತ ತೀರ್ಮಾನವಾದ ಮೇಲೆ ಅದರ ಉದ್ದ, ಬಣ್ಣ, ಹಾಸಿಗೆ, ಒಲೆ ಯಾವುದಕ್ಕೂ ನಮ್ಮಲ್ಲಿ ಜಗಳವಾಗಲಿಲ್ಲ. ಜಗಳ ಹೊತ್ತಿಕೊಂಡದ್ದು ಕಾವಿನ ವಿಷಯಕ್ಕೆ. ಮಿಲ್ಟನ್ ಕೀನ್ಸ್‌ನ ನಮ್ಮ ಮನೆಯಲ್ಲಿ ಬಿಸಿಗಾಳಿ ಪಕ್ಷ, ಬಿಸಿನೀರು ಪಕ್ಷ, ಡೀಸೆಲ್ ಪಕ್ಷ ಅಂತ ಮೂರು ಹುಟ್ಟಿಕೊಂಡವು. ಅತ್ತೆಯವರು ಪಕ್ಷೇತರ. ಮಾವನವರು ಚುನಾವಣಾ ಆಯೋಗ. ಡೀಲರ್ ಈ ವಾರದೊಳಗೆ ಉತ್ತರ ಹೇಳಿ ಅಂದಿದ್ದಾನೆ. ಅವನಿಗೇನು, ಅವನ ಮಾವ ಕೆಇಬಿಯಲ್ಲಿ ಇದ್ದವರಲ್ಲ.

ನನ್ನ ಮಾವ ಇದ್ದವರು. ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದರು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು ಎಂಬ ಸಂಗತಿಯನ್ನು ಇಂದಿಗೂ ಅವರು ಮನಸಾರೆ ಒಪ್ಪಿಲ್ಲ. ಕರೆಂಟು, ಗ್ಯಾಸು, ಉರಿ ಅಂದರೆ ಅವರ ಸಹಿ ಬೀಳಲೇಬೇಕು. ಟೋಸ್ಟರ್ ಪ್ಲಗ್ ಕೀಳುವುದಕ್ಕೂ ‘ಲೈನ್ ಕ್ಲಿಯರ್ ತಗೊಂಡ್ರಾ?’ ಅಂತ ಕೇಳುತ್ತಾರೆ. ಎಲ್ಲರ ಅಪ್ಪ ಅಮ್ಮ ಇಂಗ್ಲೆಂಡಿಗೆ ಬೇಸಿಗೆಯಲ್ಲಿ ಬಂದರೆ, ಟಿಕೆಟ್ ಅಗ್ಗ ಅಂತ ಇವರು ಚಳಿಗಾಲದಲ್ಲಿ ಬಂದಿಳಿದಿದ್ದಾರೆ.

ಬಿಸಿಗಾಳಿ ಪಕ್ಷ ನನ್ನದು. ಜರ್ಮನಿಯ ಟ್ರೂಮಾ ಕಾಂಬಿ ಅಂತ ಆರು ಕಿಲೋವ್ಯಾಟಿನ ಒಂದು ಪೆಟ್ಟಿಗೆ, ಸೀಟಿನ ಕೆಳಗೆ ಕೂರುತ್ತದೆ. ಗ್ಯಾಸ್ ಉರಿಸಿ, ಫ್ಯಾನು ತಿರುಗಿಸಿ, ಕೊಳವೆಗಳಲ್ಲಿ ಮೂಲೆಮೂಲೆಗೂ ಬಿಸಿಗಾಳಿ ನೂಕುತ್ತದೆ. ಅದರ ಹೊಟ್ಟೆಯಲ್ಲೇ 10 ಲೀಟರ್ ನೀರೂ ಕಾಯುತ್ತದೆ. ಹಗುರ, ಚುರುಕು, ತುಸು ಗದ್ದಲ. ಬಿಸಿನೀರು ಪಕ್ಷ ಹೆಂಡತಿಯದು. ಸ್ವೀಡನ್ನಿನ ಆಲ್ಡೆಯಲ್ಲಿ ಗಾಳಿಯ ಗೊಡವೆಯಿಲ್ಲ, ಗೋಡೆಯುದ್ದಕ್ಕೂ ಹಾಯುವ ಕೊಳವೆಯೊಳಗೆ ಗ್ಲೈಕಾಲ್ ಬೆರೆಸಿದ ನೀರು ಸದ್ದಿಲ್ಲದೆ ಸುತ್ತುತ್ತದೆ. ಟವೆಲ್ ಒಣಗಿಸುವ ಸರಳೂ ಸಿಗುತ್ತದೆ ಎಂಬುದೊಂದೇ ಅವಳ ಪ್ರಣಾಳಿಕೆ. ಆದರೆ ಆ ದ್ರವವನ್ನು ಮಾಮೂಲಿಯದಾದರೆ ಎರಡು ವರ್ಷಕ್ಕೊಮ್ಮೆ, ಒಳ್ಳೆಯದಾದರೆ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಬೆಲೆ ಜಾಸ್ತಿ, ತೂಕವೂ ಜಾಸ್ತಿ. 1997ರಿಂದೀಚೆಗೆ ಕಾರ್ ಲೈಸೆನ್ಸ್ ಪಡೆದ ನಮ್ಮಂಥವರಿಗೆ 3500 ಕೆಜಿಯೇ ಮಿತಿ. ಗಾಡಿ, ಆರು ಜನ, ನೀರು, ಗ್ಯಾಸು, ಅತ್ತೆಯವರ ಟೇಬಲ್ ಟಾಪ್ ಗ್ರೈಂಡರ್ ಎಲ್ಲವೂ ಅದರೊಳಗೇ ಮುಗಿಯಬೇಕು. ಗ್ರೈಂಡರ್ ಬಿಟ್ಟುಬರುವ ಸಲಹೆ ಕೊಟ್ಟವನು ನಾನೇ ಎಂದು ಅತ್ತೆಯವರಿಗೆ ಯಾರೂ ಹೇಳದಿರಲಿ.

ಡೀಸೆಲ್ ಪಕ್ಷ ಮಗನದು. ನಾರ್ವೆಯ ಹಿಮದಲ್ಲಿ ಒಂಟಿಯಾಗಿ ಗಾಡಿಯೊಳಗೆ ಬದುಕುವವರ ವಿಡಿಯೊಗಳೇ ಅವನ ವೇದ. ಗಾಡಿಯ ಟ್ಯಾಂಕಿನಿಂದಲೇ ಡೀಸೆಲ್ ಎಳೆದುಕೊಳ್ಳುತ್ತೆ, 2 ಕಿಲೋವ್ಯಾಟಿನ ಚಿಕ್ಕ ಹೀಟರಾದರೆ ಪೂರ್ತಿ ಉರಿದರೂ ಗಂಟೆಗೆ ಕಾಲು ಲೀಟರ್ ಅಷ್ಟೇ ಅಂತ ಊಟದ ಮಧ್ಯೆ ಭಾಷಣ ಮಾಡುತ್ತಾನೆ. ಅವನ ಕೋಣೆಯ ರೇಡಿಯೇಟರನ್ನು ಸ್ವಂತ ಕೈಯಿಂದ ಒಮ್ಮೆಯಾದರೂ ಆಫ್ ಮಾಡಿದ್ದನ್ನು ನಾನು ಕಂಡಿಲ್ಲ.

ಅತ್ತೆಯವರದು ಒಂದೇ ಪ್ರಶ್ನೆ. ‘ನೀರು ಸುಡುತ್ತಾ?’

ಸುಡುತ್ತದೆ, 60 ಡಿಗ್ರಿಗೆ ಕಾಯುತ್ತದೆ, ಆದರೆ ಇರುವುದು ಹತ್ತೇ ಲೀಟರ್ ಅಂದಾಗ ಮಾವನವರು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. 60 ಡಿಗ್ರಿಯ 10 ಲೀಟರಿಗೆ 10 ಡಿಗ್ರಿಯ ತಣ್ಣೀರು ಬೆರೆಸಿ 40ಕ್ಕೆ ತಂದರೆ ಹೆಚ್ಚುಕಡಿಮೆ 17 ಲೀಟರ್. ‘ಒಂದು ಬಕೆಟ್. ಇನ್ನೇನು ಬೇಕು?’ ಅವರಿಗೆ ಬೇಡ, ನಿಜ. ಒಂದು ಬಕೆಟ್ಟಿನಲ್ಲಿ ಚೊಂಬು ಚೊಂಬಾಗಿ ಹೊಯ್ದುಕೊಂಡು ಮಿಂದು, ಪಂಚೆ ಜಾಲಿಸಿ, ಉಳಿದ ನೀರಲ್ಲಿ ಬಚ್ಚಲನ್ನೂ ತೊಳೆದು ಬರುವ ತಲೆಮಾರು ಅದು. ನನ್ನ ಮಗಳಿಗೆ ಶಾಂಪೂ ನೊರೆ ಏಳುವಷ್ಟರಲ್ಲಿ ಆ ನೀರು ಮುಗಿದಿರುತ್ತದೆ. ಕರೆಂಟಿನಲ್ಲೂ ಓಡುವ ಕಾಂಬಿ ಇದೆ, ಆದರೆ ಯೂರೋಪಿನ ಕೆಲವು ಕ್ಯಾಂಪ್‌ಸೈಟುಗಳಲ್ಲಿ ಕರೆಂಟು 6 ಆಂಪ್ ಮಾತ್ರ ಅಂತ ನಾನು ಬಾಯಿತಪ್ಪಿ ಅಂದೆ. ಮಾವನವರ ಮುಖ ಅರಳಿತು. ‘230 ಇಂಟು 6, 1380 ವ್ಯಾಟ್. ಹೀಟರನ್ನ 900ರಲ್ಲಿ ಇಟ್ರೆ ನಡೆಯುತ್ತೆ. 1800ಕ್ಕೆ ಹಾಕಿದ್ರೆ ಟ್ರಿಪ್ಪು!’ ಆ ‘ಟ್ರಿಪ್ಪು’ ಅನ್ನುವಾಗ ಅವರ ದನಿಯಲ್ಲಿದ್ದ ಆನಂದ! ಅತ್ತೆಯವರು ಚಟ್ನಿಪುಡಿ ಡಬ್ಬಿಗಳ ನಡುವೆ ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದ 1500 ವ್ಯಾಟಿನ ಕಾಯಿಲ್ ಕೂಡ ಟ್ರಿಪ್ಪೇ ಎಂದು ಗೊತ್ತಾದದ್ದು ಆಗಲೇ. ನನ್ನ ಹೆಂಡತಿ ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮುಂದೆ ಈ ಬೀಗವನ್ನು ಎಲ್ಲರೂ ನೆನೆಯಬೇಕಾಯಿತು.

ಮಾತಿನಲ್ಲಿ ಬಗೆಹರಿಯದ್ದರಿಂದ, ಫೆಬ್ರವರಿಯ ಹಾಫ್ ಟರ್ಮ್ ರಜೆಗೆ ಒಂದು ಗಾಡಿ ಬಾಡಿಗೆಗೆ ತಂದು ಪರೀಕ್ಷಿಸೋಣ ಅಂತಾಯಿತು. ಗ್ಯಾಸ್ ಮಾತ್ರದ ಹೀಟರು. ಯಾವ ಕಂಪನಿಯದು ಅನ್ನುವುದು ಬೇಡ, ಪಾಪ, ಅದರದ್ದೇನೂ ತಪ್ಪಿಲ್ಲ. ಮಾವನವರು ಮೊದಲು ಸಿಲಿಂಡರ್ ತಪಾಸಣೆ ಮಾಡಿದರು. ನೀಲಿಯದು ಬ್ಯೂಟೇನ್, ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗದೆ ಕೂತುಬಿಡುತ್ತದೆ. ಕೆಂಪಿನದು ಪ್ರೊಪೇನ್, ಮೈನಸ್ 42ರವರೆಗೂ ಎದೆಗುಂದುವುದಿಲ್ಲ. ನಮ್ಮದು ಕೆಂಪು. ಆದರೆ 6 ಕೆಜಿಯದು. ‘ನಮ್ಮ ಕಡೆ 14.2 ಕೆಜಿ’ ಎಂದು ಅದನ್ನು ಕರುಣೆಯಿಂದ ನೋಡಿದರು.

ಹೋದದ್ದು ಬಕ್ಸ್‌ಟನ್‌ಗೆ. ಪೀಕ್ ಡಿಸ್ಟ್ರಿಕ್ಟ್‌ನ ಎತ್ತರದ ಊರು, ಚಳಿಗೆ ಹೆಸರುವಾಸಿ. ನೆಲದಿಂದ ತಾನಾಗಿ ಉಕ್ಕುವ ಉಗುರುಬೆಚ್ಚಗಿನ ನೀರಿಗೆ ಇನ್ನೂ ಹೆಸರುವಾಸಿ. ರೋಮನ್ನರು ಇಲ್ಲಿ ಮಿಂದರು, ಊರಿಗೆ ಅಕ್ವೆ ಆರ್ನೆಮೆಟಿಯೆ ಎಂದು ಹೆಸರಿಟ್ಟರು. 1780ರ ದಶಕದಲ್ಲಿ ಡೆವನ್‌ಶೈರ್ ಡ್ಯೂಕ್ ಸ್ನಾನಕ್ಕೆ ಬರುವ ಸಿರಿವಂತರಿಗಾಗಿ ಅರ್ಧಚಂದ್ರದ ಆಕಾರದ ಕಟ್ಟಡ ಎಬ್ಬಿಸಿದ. ಅದರೆದುರು ಸೇಂಟ್ ಆನ್ ಬಾವಿ. ಸಿಂಹದ ಬಾಯಿಂದ 27-28 ಡಿಗ್ರಿಯ ನೀರು ಹಗಲೂ ರಾತ್ರಿ ಸುರಿಯುತ್ತದೆ, ಯಾರು ಬೇಕಾದರೂ ಹಿಡಿದುಕೊಂಡು ಹೋಗಬಹುದು, ಕಾಸಿಲ್ಲ. ಅತ್ತೆಯವರು ಅದನ್ನು ನೋಡಿದವರೇ ಚಪ್ಪಲಿ ಬಿಟ್ಟರು. ‘ಗೋಮುಖ ಕಣೇ ಇದು!’ ಅಂದರು ಮಗಳಿಗೆ. ಆಮೇಲೆ ಮಕ್ಕಳ ಸ್ಕೂಲ್ ಬಾಟಲಿ, ಹಾಲಿನ ಕ್ಯಾನು, ಥರ್ಮಾಸು, ನನ್ನ ಜಿಮ್ ಬಾಟಲಿ ಏನೇನಿತ್ತೋ ಎಲ್ಲವನ್ನೂ ತುಂಬಿಸಿ, ಒಂದಕ್ಕೂ ಯಾರೂ ಬಾಯಿ ಹಚ್ಚಬಾರದೆಂದು ಆಜ್ಞೆ ಮಾಡಿದರು. ಅದು ತೀರ್ಥ. ಬೆಂಗಳೂರಿಗೆ ಹೋಗಬೇಕಾದದ್ದು.

ಆ ರಾತ್ರಿ ಹೊರಗೆ ಹಿಮ ಬಿಗಿಯಿತು. ಒಳಗೆ ಹೀಟರು ಗುಂಯ್‌ಗುಡುತ್ತ ಚೆನ್ನಾಗಿಯೇ ಓಡುತ್ತಿತ್ತು. ಎಲ್ಲರೂ ಬೆಚ್ಚಗೆ ಮಲಗಿದೆವು.

ಬೆಳಿಗ್ಗೆ ಶನಿವಾರ. ನಾನು ಎದ್ದದ್ದು ಚಳಿಗೆ. ಕಣ್ಣು ಬಿಟ್ಟರೆ ಎದುರಿಗೆ ಮಾವನವರು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆಯಲ್ಲಿ, ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ಹಚ್ಚಿಕೊಂಡು, ಗಾಡಿಯ ಮಂದ ದೀಪದಲ್ಲಿ ಥಳಥಳ ಹೊಳೆಯುತ್ತ ನಿಂತಿದ್ದಾರೆ. ‘ಅಳಿಯಂದ್ರೇ, ನಲ್ಲೀಲಿ ನೀರು ಬರ್ತಿಲ್ಲ.’

ಇಂಥ ಗಾಡಿಗಳಲ್ಲಿ ಒಂದು ಕವಾಟ ಇರುತ್ತದೆ. ಬಾಯ್ಲರಿನ ನೀರು ಹೆಪ್ಪುಗಟ್ಟಿ ತೊಟ್ಟಿ ಸೀಳಬಾರದೆಂದು, ಸುತ್ತಲಿನ ತಾಪ 3 ಡಿಗ್ರಿಗೆ ಇಳಿಯುತ್ತಲೇ ತಾನೇ ತೆರೆದುಕೊಂಡು ನೀರನ್ನೆಲ್ಲ ನೆಲಕ್ಕೆ ಬಿಡುತ್ತದೆ. ಅದಕ್ಕೆ ಕರೆಂಟೂ ಬೇಡ, ಮನೆಯ ಹಿರಿಯರ ಅಪ್ಪಣೆಯೂ ಬೇಡ. ಮತ್ತೆ ಮುಚ್ಚಬೇಕಾದರೆ ಅದರ ಸುತ್ತ 7 ಡಿಗ್ರಿ ಆಗಬೇಕು, ಅಲ್ಲಿಯವರೆಗೆ ಗುಂಡಿ ಒತ್ತಿದರೂ ನಿಲ್ಲುವುದಿಲ್ಲ. ಪಂಪು ಆನ್ ಇದ್ದದ್ದರಿಂದ ಬಾಯ್ಲರ್ ಮಾತ್ರವಲ್ಲ, ಟ್ಯಾಂಕೂ ಬರಿದಾಗಿತ್ತು. ಗಾಡಿಯ ಕೆಳಗೆ ಅಚ್ಚುಕಟ್ಟಾದ ಐಸ್ ಗದ್ದೆ. ಸೈಟಿನ ನಲ್ಲಿ ಹೆಪ್ಪುಗಟ್ಟಿ ಕಲ್ಲಾಗಿತ್ತು.

ಆದರೆ ಹೀಟರು ಯಾಕೆ ನಿಂತಿತು? ಮಾವನವರು ವಿಚಾರಣಾ ಆಯೋಗ ರಚಿಸಿದರು. ಡಿಪಾಸಿಟ್ ಹೋದೀತೆಂದು ಹೆಂಡತಿ ಅವರನ್ನು ಯಾವ ಸೀಟಿನ ಮೇಲೂ ಕೂರಗೊಡಲಿಲ್ಲವಾದ್ದರಿಂದ, ಕ್ಯಾಸೆಟ್ ಟಾಯ್ಲೆಟ್ಟಿನ ಮುಚ್ಚಳದ ಮೇಲೆ ಹಳೇ ಪೇಪರ್ ಹಾಸಿಕೊಂಡು, ಬಾಗಿಲು ತೆರೆದಿಟ್ಟುಕೊಂಡು ಅಲ್ಲಿಂದಲೇ ಆದೇಶ ಕೊಡತೊಡಗಿದರು. ‘ಫಾಲ್ಟು ಸಪ್ಲೈ ಸೈಡಾ, ಕನ್ಸ್ಯೂಮರ್ ಸೈಡಾ? ಫಸ್ಟು ಅದನ್ನ ನೋಡಿ.’ ನಾನು ಕೋಟು ಹಾಕಿಕೊಂಡು ಹೊರಗೆ ಹೋಗಿ ಗ್ಯಾಸಿನ ಗೂಡು ತೆರೆದು ನೋಡಿದೆ. ಬಂದು ಹೇಳಿದೆ, ‘ಮಾವ, ಸಿಲಿಂಡರ್ ಆಫ್ ಆಗಿದೆ.’

‘ಆಗಿರಲೇಬೇಕಲ್ಲ’ ಅಂದರು, ‘ರಾತ್ರಿ ನಾನೇ ಮಾಡಿದ್ದು.’

‘ಅಪ್ಪಾ!’ ಎಂದು ನನ್ನ ಹೆಂಡತಿ ಕಿರುಚಿದ್ದಕ್ಕೆ ಪಕ್ಕದ ಗಾಡಿಯ ನಾಯಿ ಉತ್ತರ ಕೊಟ್ಟಿತು. ಅಳಿಯನಾದ ನನಗೆ ಕಿರುಚುವ ಸೌಲಭ್ಯವಿಲ್ಲ. ನಾನು ಹೊರಗೆ ಹೋಗಿ ಸಿಲಿಂಡರನ್ನು ತಬ್ಬಿಕೊಂಡು ನಕ್ಕು ಬಂದೆ.

ಗ್ಯಾಸು ತಿರುಗಿಸಿದೆವು, ಹೀಟರು ಉರಿಯಿತು, ಆದರೆ ಸೀಟಿನ ಕೆಳಗಿನ ಕವಾಟಕ್ಕೆ ಏಳು ಡಿಗ್ರಿ ಬರಲು ಅದರದೇ ಮುಹೂರ್ತ. ಮಗಳು ಹೇರ್ ಡ್ರೈಯರ್ ಹಿಡಿದು ನೆಲದ ಮೇಲೆ ಬೋರಲು ಮಲಗಿ ಕವಾಟಕ್ಕೆ ಬಿಸಿಗಾಳಿ ಊದಿದಳು. ಸೈಟಿನ ಸ್ನಾನಗೃಹದಲ್ಲಿ ಬೇಕಾದಷ್ಟು ಬಿಸಿನೀರಿದೆ, ಹೋಗಿ ತಾತ ಅಂದ ಮಗ. ‘ಟೆಸ್ಟ್ ಮಾಡೋಕೆ ಬಂದಿರೋದು ಗಾಡೀನ, ಅವರ ಬಚ್ಚಲನ್ನಲ್ಲ’ ಎಂದು ಉತ್ತರ ಬಂತು. ಅದೇ ಹೊತ್ತಿಗೆ ತಿಪಟೂರಿನಿಂದ ಅವರ ತಮ್ಮನ ವಿಡಿಯೊ ಕಾಲ್. ‘ಏನಣ್ಣ, ಮುಖ ಹಿಂಗ್ ಹೊಳೀತಾ ಇದೆ! ಲಂಡನ್ ನೀರು ಹಿಡಿಸಿಬಿಡ್ತಾ?’ ಟಾಯ್ಲೆಟ್ ಕಾಣದಂತೆ ಫೋನನ್ನು ಗದ್ದದ ಹತ್ತಿರ ಹಿಡಿದು, ನಮ್ಮ ಮಾವ ಬಲು ಗಂಭೀರವಾಗಿ ‘ಹವಾ ಚೆನ್ನಾಗಿದೆ’ ಅಂದರು. ಹರಳೆಣ್ಣೆ ಅಷ್ಟರಲ್ಲಿ ಮೈಮೇಲೆ ಮಂದವಾಗತೊಡಗಿತ್ತು. ಹೇಳಬೇಕಿಲ್ಲ, ಬೀರುವಿನಲ್ಲಿದ್ದ ಕಾಯಿಲ್ಲಿನ ಪ್ರಸ್ತಾಪವೂ ಬಂತು, ಮೇಲಿಂದ ಮೇಲೆ ಬಂತು.

ಗಾಡಿಯಲ್ಲಿ ಉಳಿದಿದ್ದ ನೀರು ಒಂದೇ. ತೀರ್ಥ.

ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತೆಯವರು ಬಾಟಲಿಗಳನ್ನು ಒಮ್ಮೆ ನೋಡಿದರು, ಗಂಡನನ್ನು ಒಮ್ಮೆ ನೋಡಿದರು. ಎಪ್ಪತ್ತು ದಾಟಿದ ದೇಹ, ಬರೀ ಮೈಯಲ್ಲಿ ನಡುಗುವುದನ್ನು ತೋರಗೊಡದೆ ಗೊಣಗುತ್ತ ಕೂತಿತ್ತು. ‘ಕಾಶೀಲಿ ಗಂಗೇಲೇ ಮುಳುಗಿ ಏಳ್ತಾರೆ, ಇದರಲ್ಲಿ ಮಿಂದ್ರೆ ಏನಂತೆ’ ಎಂದು ತಮಗೆ ತಾವೇ ಅಪ್ಪಣೆ ಕೊಟ್ಟುಕೊಂಡು, ಬಾಟಲಿಗಳನ್ನು ಕುಕ್ಕರಿಗೆ ಬಗ್ಗಿಸಿದರು. ಸೂಪರ್‌ಮಾರ್ಕೆಟ್ಟಿನಲ್ಲಿ ಜನ ದುಡ್ಡು ಕೊಟ್ಟು ಕುಡಿಯುವ ಬಕ್ಸ್‌ಟನ್ ನೀರನ್ನು, ಸುಡುವಷ್ಟು ಕಾಯಿಸಿ, ಶವರ್ ಗೂಡಿನ ಹೊರಗೆ ನಿಂತು ಕೈ ಚಾಚಿ ಚೊಂಬಿನಲ್ಲಿ ಗಂಡನ ಬೆನ್ನಿಗೆ ಹೊಯ್ದರು. ‘ಇನ್ನೊಂಚೂರು ಬಗ್ಗಿ. ಅಯ್ಯೋ, ಕಿವಿ ಹಿಂದೆ ಹಾಗೇ ಇದೆಯಲ್ರೀ.’ ಆಮೇಲೆ ಸೀಗೆಪುಡಿ ಶವರಿನ ಮೋರಿಯನ್ನು ಕಟ್ಟಿಹಾಕಿದ ಕಥೆ ಬೇಡ. ಡಿಪಾಸಿಟ್ಟಿನ ಒಂದು ಭಾಗ ಆ ಮೋರಿಯಲ್ಲೇ ಹೋಯಿತು.

ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ, ಇಳಿಸಿಕೊಳ್ಳಲು ನೋಡುತ್ತಿದ್ದೇನೆ. ಯಾಕೆಂದರೆ ವಾಪಸ್ಸು ಬರುವಾಗ ಮಗಳು ಒಂದು ಮಾತು ಹೇಳಿದಳು. ರಾತ್ರಿ ಅವಳಿಗೆ ಎಚ್ಚರವಿತ್ತಂತೆ. ತಾತ ಎದ್ದು, ಮಂಕಿ ಕ್ಯಾಪ್ ಹಾಕಿಕೊಂಡು, ಅವಳ ತಮ್ಮನ ಜಾರಿದ ರಜಾಯಿ ಸರಿಮಾಡಿ, ಟಾರ್ಚನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಬಾಗಿಲು ಸದ್ದಾಗದಂತೆ ತೆಗೆದು ಆ ಹಿಮಕ್ಕೆ ಹೋದರಂತೆ. ಅತ್ತೆಯವರ ಅಡುಗೆಮನೆಗೆ ಮೊದಲ ಸಿಲಿಂಡರ್ ಬಂದ ದಿನದಿಂದ ಅವರು ರೆಗ್ಯುಲೇಟರ್ ಆಫ್ ಮಾಡದೆ ಮಲಗಿದವರಲ್ಲ. ಮನೆಮಂದಿಯೆಲ್ಲ ಮಲಗಿರುವಾಗ ಗ್ಯಾಸ್ ಉರಿಯಲು ಬಿಟ್ಟು ಅವರಿಗೆ ನಿದ್ದೆ ಹೇಗೆ ಬಂದೀತು?

ಈ ಘಟನೆಯಿಂದ ನನ್ನ ಹೆಂಡತಿ ಪಕ್ಷಾಂತರ ಮಾಡಿ ಡೀಸೆಲ್ ಸೇರಿದಳು. ‘ಅಪ್ಪನಿಗೆ ರಾತ್ರಿ ಆಫ್ ಮಾಡೋಕೆ ಏನೂ ಇರಬಾರದು. ಒಲೆಯ ಸಿಲಿಂಡರ್ ಬೇಕಾದ್ರೆ ಆಫ್ ಮಾಡಿಕೊಳ್ಳಲಿ.’ ಮಗ ವಿಜಯೋತ್ಸವ ಆಚರಿಸಿದ. ಟವೆಲ್ ಸರಳನ್ನೇ ತ್ಯಾಗ ಮಾಡಿದ ಮೇಲೆ ನಾನಾದರೂ ಏನು ಹೇಳಲಿ, ಬೆಂಬಲ ಕೊಟ್ಟೆ. ನಿನ್ನೆ ಎಲ್ಲರೂ ಡೀಲರ್ ಹತ್ತಿರ ಹೋಗಿ ಡೀಸೆಲ್ ಹೀಟರಿನ ಗಾಡಿ ನೋಡಿದೆವು. ಮಾವನವರು ಕೈ ಹಿಂದೆ ಕಟ್ಟಿಕೊಂಡು ಒಳಗೆಲ್ಲ ಓಡಾಡಿದರು. ಹೊರಗಿನ ಹೊಗೆಯ ತೂತಿಗೆ ಬೆರಳು ಹಾಕಿ ಮೂಸಿದರು. ಆಮೇಲೆ ಮೆಲ್ಲಗೆ, ‘ಅಳಿಯಂದ್ರೇ, ಇದರ ಮೇನ್ ಸ್ವಿಚ್ ಎಲ್ಲಿದೆ ಕೇಳಿ’ ಅಂದರು.

ನಾನು ಕೇಳಿಸದವನಂತೆ ಹಾಸಿಗೆಯ ಸ್ಪಂಜು ಒತ್ತಿ ನೋಡುತ್ತಿದ್ದೆ. ಅವರು ತಾವೇ ಹೋಗಿ ಕೇಳಿದರು. ಬೆಳಗಿನಿಂದ ಬರೀ ಕಪ್ ಇಡುವ ಜಾಗ, ಪರದೆಯ ಬಣ್ಣ ಕೇಳಿಸಿಕೊಂಡು ಸೊರಗಿದ್ದ ಆ ಸೇಲ್ಸ್‌ಮನ್ನಿಗೆ ಕೊನೆಗೂ ಒಬ್ಬ ತಿಳಿದವರು ಸಿಕ್ಕಿದ ಸಂತೋಷ. ಬಾಗಿಲ ಬಳಿಯ ಪುಟ್ಟ ಮುಚ್ಚಳ ತೆಗೆದು ಒಂದು ಕೆಂಪು ಕೀಲಿ ತೋರಿಸಿ, ಇದೊಂದನ್ನು ತಿರುಗಿಸಿದರೆ ಸಾಕು, ಗಾಡಿಯ ಮನೆ ಕಡೆಯ ಬ್ಯಾಟರಿ ಪೂರ್ತಿ ಬಂದ್ ಎಂದು ವಿವರಿಸಿದ. ಮಾವನವರು ತಿರುಗಿಸಿದರು. ದೀಪ, ಪಂಪು, ಹೀಟರಿನ ಪರದೆ ಎಲ್ಲ ಒಟ್ಟಿಗೆ ಆರಿಹೋದವು. ಕತ್ತಲೆಯೊಳಗಿಂದ ನನ್ನ ಹೆಂಡತಿಯ ನಿಟ್ಟುಸಿರು ಕೇಳಿಸಿತು.

‘ವೆರಿ ಗುಡ್’ ಅಂದರು ಮಾವನವರು. ‘ಅಳಿಯಂದ್ರೇ, ಇದನ್ನೇ ತಗೊಳ್ಳಿ.’