ವ್ಹಡ್ಲಿಮಾಂಯ್

ಮಂಗಳೂರು ಕಡೆಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಅಜ್ಜಿಗೆ ವ್ಹಡ್ಲಿಮಾಂಯ್ ಎನ್ನುತ್ತಾರೆ. ಆಸ್ತಿ ಯಾರ ಹೆಸರಲ್ಲೇ ಇರಲಿ, ಸಂಜೆ 7 ಗಂಟೆಗೆ ಮನೆಯ ಆಡಳಿತ ಈಕೆಯದು. ಅದು ತೇರ್ಸಿನ, ಎಂದರೆ ಜಪಸರ ಪ್ರಾರ್ಥನೆಯ, ಹೊತ್ತು. ಟಿವಿ ಬಾಯಿ ಮುಚ್ಚುತ್ತದೆ, ಮೊಮ್ಮಕ್ಕಳು ದೇವರ ಪೀಠವಾದ ಆಲ್ತಾರಿನ ಮುಂದೆ ಮೊಣಕಾಲೂರುತ್ತಾರೆ. 5 ರಹಸ್ಯ, 50 ‘ನಮಾನ್ ಮರಿಯೆ’ ಮುಗಿದರೆ ಜಪಸರ ಮುಗಿಯಿತೆಂದು ಹೊಸ ಸೊಸೆ ಎದ್ದು ನಿಂತು ಪೇಚಿಗೆ ಸಿಲುಕುವುದುಂಟು. ಅಜ್ಜಿಯ ಲೆಕ್ಕದಲ್ಲಿ ಅದು ಪೀಠಿಕೆ. ತೀರಿಹೋದ ಗಂಡನಿಗೊಂದು, ದುಬೈ ಮಗನ ವೀಸಾಕ್ಕೊಂದು, ಹಾಲು ಕಡಿಮೆ ಮಾಡಿದ ಎಮ್ಮೆಗೊಂದು ಪ್ರಾರ್ಥನೆ ಇನ್ನೂ ಬಾಕಿ. ನಡುವೆ ಬೆಕ್ಕು ಬಂಗುಡೆ ಮೀನಿಗೆ ಮೂತಿಯಿಟ್ಟರೆ ಅದಕ್ಕೆ ನಾಲ್ಕು ಬೈದು, ಬಿಟ್ಟ ಶಬ್ದದಿಂದಲೇ ಮುಂದುವರಿಯುವುದು ಈಕೆಗೆ ಮಾತ್ರ ಸಾಧ್ಯ. ಕೊನೆಗೆ ಎಲ್ಲರೂ ಕೈಮುಗಿದು ಬೆಸಾಂವ್, ಎಂದರೆ ಆಶೀರ್ವಾದ, ಬೇಡಬೇಕು, ಆಮೇಲೆಯೇ ಗಂಜಿ.

ಎರಡನೇ ವ್ಯಾಟಿಕನ್ ಮಹಾಸಭೆಯವರೆಗೆ, ಎಂದರೆ 1960ರ ದಶಕದವರೆಗೆ, ಚರ್ಚಿನ ಪೂಜೆ ಲ್ಯಾಟಿನ್‌ನಲ್ಲಿತ್ತು. ಅರ್ಥವಾಗದಿದ್ದಾಗ ಭಕ್ತಿಗೇನೂ ಕೊರತೆಯಿರಲಿಲ್ಲ. ಅರ್ಥವಾಗತೊಡಗಿದ ಮೇಲೆ ಪಾದ್ರಿಗಳ ಪ್ರಸಂಗ ಉದ್ದವಾಯಿತೆಂದು ಈಕೆಯ ದೂರು. 1938ರಲ್ಲಿ ಹುಟ್ಟಿದ ‘ರಾಕ್ಣೊ’ ವಾರಪತ್ರಿಕೆಯನ್ನು ಮರಣವಾರ್ತೆಯಿಂದ ಓದಲು ಶುರುಮಾಡುತ್ತಾಳೆ. ಕನ್ನಡಕ ಕಳೆದರೆ ಸಂತ ಅಂತೋನಿಗೊಂದು ಮೇಣದ ಬತ್ತಿ ಹರಕೆ. ಸಂಜೆಯೊಳಗೆ ಸಿಗದಿದ್ದರೆ ಸಂತರ ಪ್ರತಿಮೆ ಗೋಡೆಗೆ ಮುಖಮಾಡಿ ನಿಲ್ಲಬೇಕು.

ಸೆಪ್ಟೆಂಬರ್ 8ರ ತೆನೆಹಬ್ಬ ಮೊಂತಿ ಫೆಸ್ತ್‌ಗೆ ಮುಂಚಿನ 9 ದಿನ ಮಕ್ಕಳಿಂದ ಮರಿಯಮ್ಮನಿಗೆ ಹೂ ಹಾಕಿಸುತ್ತಾಳೆ. ಆಶೀರ್ವದಿಸಿ ತಂದ ಹೊಸ ತೆನೆಯ ಅಕ್ಕಿ ಹಾಲಿಗೆ ಬೀಳುತ್ತದೆ, ಅಂದು ಮೀನು ಇಲ್ಲ. ಪರದೇಶದ ಮಕ್ಕಳಿಗೆ ಅದೇ ಕಾಳು ಲಕೋಟೆಯಲ್ಲಿ ಹೋಗುತ್ತದೆ. ತಿಂದರೋ ಇಲ್ಲವೋ ಎಂಬುದು ವಾಟ್ಸ್‌ಆ್ಯಪ್ ವಿಡಿಯೋದಲ್ಲಿ ತನಿಖೆಯಾಗುತ್ತದೆ, ಬಾಯಿ ತೆರೆಸಿ.

ಇಂಥವಳು ತೀರಿಕೊಂಡಾಗ ಶವಪೆಟ್ಟಿಗೆಗೆ ಯಾವ ಸೀರೆ, ಯಾವ ಜಪಸರ ಎಂಬ ಚರ್ಚೆಗೆ ಎಡೆಯಿರುವುದಿಲ್ಲ. ಹತ್ತು ವರ್ಷದ ಹಿಂದೆಯೇ ಕಪಾಟಿನಲ್ಲಿ ಕಟ್ಟಿಟ್ಟಿರುತ್ತಾಳೆ. ತಕರಾರು ಹುಟ್ಟುವುದು ತಿಂಗಳ ಪೂಜೆ ಕಳೆದು ಹಂಚಿಕೆಗೆ ಕೂತಾಗ. ಚಿನ್ನ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಉಳಿಯುವುದು ವೇಳಾಂಕಣಿಯ ಬಾಟಲಿ ನೀರು, ಬಲ್ಬು ಮಿನುಗುವ ಯೇಸುವಿನ ಪವಿತ್ರ ಹೃದಯ, ಗೋಡೆ ತುಂಬ ಸಂತರು. ಇವನ್ನು ಯಾರೂ ಬೇಡ ಎನ್ನುವುದಿಲ್ಲ, ಒಯ್ಯುವುದೂ ಇಲ್ಲ. ಕೊನೆಗೆ ಬೆಂಗಳೂರಿನ ಮಗನ ಫ್ಲ್ಯಾಟಿಗೆ ಬರುತ್ತವೆ. ಆಶೀರ್ವದಿಸಿದ ವಸ್ತುವನ್ನು ಕಸಕ್ಕೆ ಹಾಕುವಂತಿಲ್ಲ. ಸುಡಬೇಕು, ಇಲ್ಲವೇ ಹೂಳಬೇಕು. ಮೂರನೇ ಮಹಡಿಯಲ್ಲಿ ಎರಡಕ್ಕೂ ನಿವಾಸಿಗಳ ಸಂಘದ ಒಪ್ಪಿಗೆಯಿಲ್ಲ.