ಬೆಣ್ಣೆ ಬಿಟ್ಟ ಬ್ರೌನಿ

ಮೊಮ್ಮಗಳು: ಅಜ್ಜಿ, ಇದು ವೀಗನ್ ಬ್ರೌನಿ. ಮೊಟ್ಟೆ ಹಾಕಿಲ್ಲ.

ಅಜ್ಜಿ: ನಮ್ಮನೆಗೆ ಮೊಟ್ಟೆ ಬಂದಿದ್ದಾದ್ರೂ ಯಾವಾಗ, ಈಗ ಬಿಡೋಕೆ?

ಮೊಮ್ಮಗಳು: ಅದರ ಬದಲು 1 ಚಮಚ ಅಗಸೆ ಪುಡಿ, 3 ಚಮಚ ನೀರು. ನೆನೆದರೆ ಲೋಳೆಯಾಗತ್ತೆ.

ಅಜ್ಜಿ: (ಬೆರಳಾಡಿಸಿ) ಆಗಿದೆ. ಬೆಣ್ಣೆ?

ಮೊಮ್ಮಗಳು: ಛೇ, ಹಸುವಿನ ಶೋಷಣೆ! ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ.

ಅಜ್ಜಿ: ತಲೆಗೆ ಹಚ್ತೀನಿ ಅಂದ್ರೆ ಮೂಗು ಮುರೀತೀಯ. ಸಕ್ಕರೆ?

ಮೊಮ್ಮಗಳು: ವಿಷ ಅದು! ಬೆಲ್ಲ ಹಾಕಿದೀನಿ.

ಅಜ್ಜಿ: ಎರಡೂ ಕಬ್ಬಿನ ಮಕ್ಕಳೇ ಅಲ್ವೇನೆ? ನನ್ನ ಶುಗರ್ ಮೀಟರ್‌ಗೆ ಈ ಭೇದ ಗೊತ್ತಿಲ್ಲ.

(ಮೇಲೆ ಫ್ರಾಸ್ಟಿಂಗ್: ಗಟ್ಟಿ ತೆಂಗಿನ ಹಾಲು, ಕೋಕೋ, ಮತ್ತೆ ಬೆಲ್ಲ. ಬ್ರೌನಿಗಿಂತ ಇದೇ ದಪ್ಪ. ಆರೋಗ್ಯ ತಳದಲ್ಲೆಲ್ಲೋ ಇರಬೇಕು.)

ಮೊಮ್ಮಗಳು: ಒಂದೇ ತುಂಡು, ಅಜ್ಜಿ. ಮಿತವಾಗಿ ತಿನ್ನಬೇಕು.

ಅಜ್ಜಿ: ನಿನ್ನ ಕೈಲಿರೋದು ನಾಲ್ಕನೇದು.

ಮೊಮ್ಮಗಳು: ಹೆಲ್ದಿ ಅಜ್ಜಿ ಇದು, ಲೆಕ್ಕಕ್ಕಿಲ್ಲ!